ಬಾಗಿಲಿನ ಬಣ್ಣ ಯಾವುದು?

ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿದವರನ್ನು ಸುಡುತ್ತದೆ ಎಂದು ಹೇಳಿ ಹಿರಿಯರು ಕೈತೊಳೆದುಕೊಂಡರು. ಎಲ್ಲಿ ಸುಡುತ್ತದೆ, ಏನನ್ನು ಸುಡುತ್ತದೆ, ಸುಟ್ಟ ಜಾಗದಲ್ಲಿ ಮತ್ತೆ ಏನಾದರೂ ಚಿಗುರುತ್ತದೆಯೇ ಎಂಬ ತಲೆನೋವನ್ನು ಮುಂದಿನವರಿಗೆ ಬಿಟ್ಟರು. ಹುಬ್ಬಳ್ಳಿಯ ವನಮಾಲಾ ಬಡಿಗೇರ ಆ ತಲೆನೋವನ್ನು ಹಚ್ಚಿಕೊಂಡವಳು. ಬಾಗಿಲು ಕಿಟಕಿ ಮಾಡುವವರ ಮನೆಯಲ್ಲಿ ಹುಟ್ಟಿ, ಅಣ್ಣ ಮೌನೇಶ ಉಳಿ ಹಿಡಿದು ದುಡಿದ ದುಡಿಮೆಯಲ್ಲಿ ಓದಿ ನರವಿಜ್ಞಾನಿಯಾದಳು. ಮದುವೆಯ ಮಾತು ಬಂದಾಗಲೆಲ್ಲ ಪ್ರಯೋಗಾಲಯಕ್ಕೆ ಓಡಿಹೋಗಿ ತಪ್ಪಿಸಿಕೊಂಡು, ನಲವತ್ತು ದಾಟಿದ ಮೇಲೂ ಹಳೇ ಹುಬ್ಬಳ್ಳಿಯ ಬಡಿಗೇರ ಓಣಿಯಲ್ಲಿ ಅಣ್ಣನ ಮನೆಯಲ್ಲೇ ಇದ್ದಳು.

ಮಿದುಳಿನಲ್ಲಿ ನರಕೋಶಗಳನ್ನು ಸಾಕಿ ಸಲಹುವ ಒಂದು ಪ್ರೋಟೀನು ಇದೆ ಎಂಬುದು ಹಳೆಯ ಸಂಗತಿ. ಬಿಡಿಎನ್‌ಎಫ್ ಎಂದು ಅದರ ಹೆಸರು. ನರಕ್ಕೆ ನರ ಕೈಚಾಚಿ ಕೂಡಬೇಕಾದರೆ, ಇವತ್ತು ಕಂಡದ್ದು ನಾಳೆಗೆ ನೆನಪಾಗಿ ಉಳಿಯಬೇಕಾದರೆ ಅದು ಬೇಕು. ಬಹಳ ದಿನ ಒತ್ತಡ ಬಿದ್ದರೆ ನೆನಪಿನ ಕಣಜವಾದ ಹಿಪೊಕ್ಯಾಂಪಸ್ಸಿನಲ್ಲಿ ಅದು ಬತ್ತತೊಡಗುತ್ತದೆ. ಬತ್ತಿದ್ದನ್ನು ಮತ್ತೆ ತುಂಬಿಸಬಹುದಾದರೆ? ವನಮಾಲಾಳ ಪ್ರಶ್ನೆ ಅಷ್ಟೇ ಇತ್ತು. ಅಣ್ಣನಿಗೆ ತಿಳಿಯಲೆಂದು ಅವಳು ಅದನ್ನು ಗೊಬ್ಬರ ಎಂದು ಕರೆದಳು. ಮನೆಯಲ್ಲಿ ಆ ಹೆಸರೇ ನಿಂತಿತು.

ಈ ಪ್ರಶ್ನೆಯನ್ನು ಅವಳು ಹಟ ಹಿಡಿದು ಬೆನ್ನಟ್ಟಿದ್ದು ಮಾತ್ರ ವೈನಿಯ ಸಲುವಾಗಿ. ವೈನಿ ಎಂದರೆ ಅಣ್ಣನ ಹೆಂಡತಿ ಸುಮಂಗಲಾ. ವಯಸ್ಸಿನಲ್ಲಿ ವನಮಾಲಾಳಿಗಿಂತ ಚಿಕ್ಕವಳು. ಜಿಲ್ಲೆಗೆಲ್ಲ ಆಂಬುಲೆನ್ಸ್ ಕಳಿಸುವ ತುರ್ತು ಕರೆ ಕೇಂದ್ರದಲ್ಲಿ ಫೋನು ಎತ್ತುವ ಕೆಲಸ ಅವಳದು. ಹಾವು ಕಚ್ಚಿದವರು, ಹೆರಿಗೆ ನೋವು ತಿನ್ನುವವರು, ಎದೆ ಹಿಡಿದುಕೊಂಡು ಬಿದ್ದವರು, ಎಲ್ಲರ ಕೂಗೂ ಮೊದಲು ಅವಳ ಕಿವಿಗೆ ಬೀಳಬೇಕು. ಹಳ್ಳಿಗಳಲ್ಲಿ ಮನೆ ನಂಬರು ಹೇಳಿದರೆ ಯಾರಿಗೂ ಗೊತ್ತಾಗದು. ಆದ್ದರಿಂದ ಕೇಂದ್ರದಲ್ಲಿ ಒಂದು ರೂಢಿ ಇತ್ತು: ಊರು ಕೇಳು, ಓಣಿ ಕೇಳು, ಕೊನೆಗೆ ಬಾಗಿಲಿನ ಬಣ್ಣ ಕೇಳು. ಡ್ರೈವರು ಬಣ್ಣ ನೋಡಿಯೇ ಗಾಡಿ ನಿಲ್ಲಿಸುತ್ತಿದ್ದ. ಸುಮಂಗಲಾ ಇದಕ್ಕೆ ತನ್ನದೇ ಒಂದು ಮಾತು ಸೇರಿಸಿದ್ದಳು. "ಗಾಬರಿ ಆಗಬ್ಯಾಡ್ರಿ, ಗಾಡಿ ಹೊಂಟೈತಿ. ಅದು ಬರೂತನಾ ಅವರ ಕೈ ಹಿಡಕೊಂಡು ಕುಂದರ್ರಿ." ಹೀಗೆ ಹೇಳು ಎಂದು ಯಾವ ತರಬೇತಿಯಲ್ಲೂ ಅವಳಿಗೆ ಕಲಿಸಿರಲಿಲ್ಲ.

ಒಂದು ದಿನ ಅವಳು ಹಿರೇಮಲ್ಲಾಪುರಕ್ಕೆ ಕಳಿಸಬೇಕಾದ ಗಾಡಿಯನ್ನು ಚಿಕ್ಕಮಲ್ಲಾಪುರಕ್ಕೆ ಕಳಿಸಿಬಿಟ್ಟಳು. ಊರಿನ ಹೆಸರು ಕಿವಿಗೆ ಸರಿಯಾಗಿಯೇ ಬಿದ್ದಿತ್ತು. ಕಿವಿಯಿಂದ ಕೈಗೆ ಬರುವುದರೊಳಗೆ ಜಾರಿಹೋಗಿತ್ತು. ಗಾಡಿ ತಿರುಗಿ ಹೋಗುವಷ್ಟರಲ್ಲಿ ಹಿರೇಮಲ್ಲಾಪುರದ ನೀಲಿ ಬಾಗಿಲಿನ ಮನೆಯಲ್ಲಿ ಮನೆಯ ಯಜಮಾನ ಹೋಗಿಬಿಟ್ಟಿದ್ದ. ಆವತ್ತು ಸುಮಂಗಲಾ ಮನೆಗೆ ಬಂದು ಗಂಡ ಕಟ್ಟಿಗೆ ಕೆತ್ತುವ ಪಡಸಾಲೆಯಲ್ಲಿ ಹೊಟ್ಟಿನ ರಾಶಿಯ ಮೇಲೆಯೇ ಕುಳಿತಳು. ಊಟಕ್ಕೆ ಏಳಲಿಲ್ಲ.

"ಮಾಲಕ್ಕ, ನನ್ನ ತಲ್ಯಾಗ ಏನೂ ನಿಂದ್ರವಲ್ಲದು," ಎಂದಳು. "ತೂತು ಬಿದ್ದ ಕೊಡ ಆಗೇನಿ. ನಿನ್ನ ಗೊಬ್ಬರ ಐತಲ್ಲ, ಅದು ನನಗ ಆಗಂಗಿಲ್ಲೇನು?"

ಆಗುತ್ತದೆ ಎಂದಳು ವನಮಾಲಾ. ಮಾಡಿಯೂ ತೋರಿಸಿದಳು.

ಅದು ಹಣೆಗೆ ಕಟ್ಟಿಕೊಳ್ಳುವ ಒಂದು ಪಟ್ಟಿ. ಬಹು ಸಣ್ಣ ವಿದ್ಯುತ್ ಮಿಡಿತಗಳಿಂದ ಅದು ನರಕೋಶಗಳನ್ನು ತಟ್ಟಿ ಎಬ್ಬಿಸಿ, ಒತ್ತಡದ ನಡುವೆಯೂ ಆ ಪ್ರೋಟೀನನ್ನು ಅವೇ ತಯಾರಿಸುವಂತೆ ಮಾಡುತ್ತಿತ್ತು. ಕೇಂದ್ರದ ಹೆಣ್ಣುಮಕ್ಕಳು ಮೊದಲ ದಿನವೇ ಅದಕ್ಕೆ ಬಾಸಿಂಗ ಎಂದು ಹೆಸರಿಟ್ಟರು. ಪಾಳಿ ಶುರುವಾಗುವಾಗ ಗೂಟದಿಂದ ತೆಗೆದು ಕಟ್ಟಿಕೊಳ್ಳುವುದು, ಮುಗಿದಾಗ ಬಿಚ್ಚಿ ಮತ್ತೆ ಗೂಟಕ್ಕೆ ಹಾಕಿ ಮನೆಗೆ ಹೋಗುವುದು. ಡ್ಯೂಟಿ ಸಾಮಾನು ಮನೆಗೆ ಒಯ್ಯುವಂತಿಲ್ಲ ಎಂಬ ನಿಯಮ ಕುರ್ಚಿಗೆ, ಫೋನಿಗೆ ಇದ್ದಂತೆ ಬಾಸಿಂಗಕ್ಕೂ ಅಂಟಿಕೊಂಡಿತು. ಯಾರೂ ಅದರ ಬಗ್ಗೆ ಎರಡು ಸಲ ಯೋಚಿಸಲಿಲ್ಲ. ವನಮಾಲಾ ಕೂಡ ಯೋಚಿಸಲಿಲ್ಲ.

ಬಾಸಿಂಗದ ಪ್ರತಾಪ ಕಂಡು ಜಿಲ್ಲೆಯೇ ಬೆರಗಾಯಿತು. ಸುಮಂಗಲಾ ಒಮ್ಮೆ ಕೇಳಿದ ಓಣಿಯನ್ನು ಮರೆಯುತ್ತಿರಲಿಲ್ಲ. ಉಸಿರು ಕೇಳಿಯೇ "ಹೋದ ಸುಗ್ಗ್ಯಾಗ ನೀವ ಫೋನ್ ಮಾಡಿದ್ರಿ, ನಿಮ್ಮ ಅತ್ತಿಗೆ ದಮ್ಮು ಬಂದಿತ್ತು, ಕೆಂಪು ಬಾಗಲಾ" ಎನ್ನುತ್ತಿದ್ದಳು. ಗಾಡಿ ದಾರಿ ತಪ್ಪುವುದು ನಿಂತೇಹೋಯಿತು. ಕೇಂದ್ರದ ಮುಖ್ಯಸ್ಥ ನಾಡಗೌಡರು ಬಂದವರಿಗೆಲ್ಲ ಅವಳನ್ನು ತೋರಿಸಿ, "ಇಡೀ ಜಿಲ್ಲಾದ ನಕಾಶಿ ಈ ತಲ್ಯಾಗ ಐತಿ ನೋಡ್ರಿ," ಎಂದು ಹೆಮ್ಮೆ ಪಡುತ್ತಿದ್ದರು. ವನಮಾಲಾ ಪಾಳಿಯ ಮೊದಲಿಗೂ ಕೊನೆಗೂ ಕೇಂದ್ರದಲ್ಲೇ ಕುಳಿತು ಎಲ್ಲರ ನೆನಪಿನ ಪರೀಕ್ಷೆ ಮಾಡುತ್ತಿದ್ದಳು. ಎಲ್ಲರೂ ತೇರ್ಗಡೆ. ವೈನಿ ಎಲ್ಲರಿಗಿಂತ ಮುಂದೆ.

ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಮೌನೇಶ ಬಾಯಿ ಸೊಟ್ಟ ಮಾಡಿ ನಕ್ಕ. "ಅರವತ್ತಕ್ಕ ಅರಳು ಮರಳು ಅಂತಾರ. ನಿನಗ ಇಷ್ಟು ಲಗೂನ ಬಂತೇನ?" ಎಂದ. ಸುಮಂಗಲಾ ತಾನೂ ನಕ್ಕಳು. ಇನ್ನೊಮ್ಮೆ ಹಾಲು ಉಕ್ಕಿ ಒಲೆ ಆರಿತು. ಮತ್ತೊಮ್ಮೆ, ಮೂರು ದಿನ ಇದ್ದು ಹೋದ ತನ್ನ ತವರಿನ ತಮ್ಮನ ಬಗ್ಗೆ, "ಅಂವ ಬರೂದು ಯಾವಾಗಂತ?" ಎಂದು ಕೇಳಿದಳು. ದುಡಿಯುವ ಹೆಂಗಸಿಗೆ ದಣಿವು ಇರುತ್ತದೆ ಎಂದು ಎಲ್ಲರೂ ಸುಮ್ಮನಾದರು. ಊರಿನ ಮಿದುಳುಗಳನ್ನೆಲ್ಲ ಅಳೆಯುವ ವನಮಾಲಾ ಅದೇ ವೈನಿ ಬಡಿಸಿದ ರೊಟ್ಟಿ ತಿಂದು, ನಾಳೆಯ ಕೆಲಸದ ಲೆಕ್ಕಾಚಾರದಲ್ಲಿ ಕೈ ತೊಳೆಯುತ್ತಿದ್ದಳು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಅವಳಿಗೆ ಕಣ್ಣು ತೆರೆದದ್ದು ಪಂಚಮಿ ಹಬ್ಬದ ದಿನ. ಸುಮಂಗಲಾ ಮಗಳು ಮಂಜರಿಗೆಂದು ತಾನೇ ಹೊಲಿಗೆ ಯಂತ್ರದಲ್ಲಿ ಒಂದು ಅಂಗಿ ಹೊಲಿದಿದ್ದಳು. ಹಳದಿ ಬಟ್ಟೆ, ಕೊರಳಿಗೆ ಕೆಂಪು ಪಟ್ಟಿ. ಎಳ್ಳುಂಡಿ ತಿಂದ ಕೈ ತೊಳೆದುಕೊಂಡು ಹುಡುಗಿ ಅದನ್ನು ಹಾಕಿಕೊಳ್ಳಲು ಹೋದರೆ ಅಂಗಿ ಭುಜದಿಂದ ಕೆಳಗೆ ಇಳಿಯಲೇ ಇಲ್ಲ. ಹೊಲಿಗೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಅದು ಬಾಸಿಂಗ ಬರುವುದಕ್ಕೆ ಮುಂಚಿನ ಮಂಜರಿಯ ಅಳತೆ.

ಸುಮಂಗಲಾ ಅಂಗಿಯನ್ನೊಮ್ಮೆ, ಮಗಳನ್ನೊಮ್ಮೆ ನೋಡಿದಳು. "ಯಾವಾಗ ಇಷ್ಟು ಎತ್ತರ ಆದಿ ನೀ?" ಎಂದಳು. ಅದು ತಾಯಂದಿರು ಮುದ್ದಿಗೆ ಕೇಳುವ ಮಾತು. ಸುಮಂಗಲಾ ಮುದ್ದಿಗೆ ಕೇಳಿರಲಿಲ್ಲ, ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಮರುದಿನವೇ ವನಮಾಲಾ ವೈನಿಯನ್ನು ಪ್ರಯೋಗಾಲಯಕ್ಕೆ ಕರೆದೊಯ್ದಳು. ಬಾಸಿಂಗ ಇಲ್ಲದೆ ಪರೀಕ್ಷಿಸಿದ್ದು ಅದೇ ಮೊದಲು. ತೆರೆಯ ಮೇಲೆ ಮೂಡಿದ ಚಿತ್ರ ನೋಡಿ ಅವಳು ಕುರ್ಚಿಗೆ ಒರಗಿದಳು. ನೆನಪಿನ ಕಣಜದಲ್ಲಿ ಪ್ರೋಟೀನು ಹೆಚ್ಚುಕಡಿಮೆ ಇರಲೇ ಇಲ್ಲ. ದಿನವೂ ಹೊರಗಿನವರು ತಟ್ಟಿ ಎಬ್ಬಿಸಿದ್ದರಿಂದ, ತಾವಾಗಿ ಏಳುವ ಅಭ್ಯಾಸವನ್ನೇ ಆ ಕೋಶಗಳು ಬಿಟ್ಟಿದ್ದವು. ಬಾಸಿಂಗ ಗೂಟಕ್ಕೆ ಹೋದ ಗಳಿಗೆಯಿಂದ ವೈನಿಯ ತಲೆ ಒಣ ಬಯಲು. ಆ ಬಯಲಿನಲ್ಲಿ ಬಿದ್ದದ್ದು ಬೇರು ಬಿಡುತ್ತಿರಲಿಲ್ಲ. ಮಗಳ ಮಾತು, ಗಂಡನ ನಗು, ತಮ್ಮನ ಬರವು, ಎಲ್ಲ ಸಂಜೆ ಬಂದು ಬೆಳಗಾಗುವುದರೊಳಗೆ ಇಲ್ಲವಾಗುತ್ತಿದ್ದವು.

ಇನ್ನೊಂದು ಸಂಗತಿ ಇದಕ್ಕಿಂತ ಕೆಟ್ಟದಾಗಿತ್ತು. ಮಿದುಳಿನಲ್ಲಿ ಭಯಕ್ಕೆಂದೇ ಒಂದು ಮೂಲೆ ಇದೆ, ಅಮಿಗ್ಡಲಾ. ಒತ್ತಡ ಬಿದ್ದಾಗ ಕಣಜದಲ್ಲಿ ಬತ್ತುವ ಪ್ರೋಟೀನು ಈ ಮೂಲೆಯಲ್ಲಿ ಮಾತ್ರ ಏರುತ್ತದೆ. ಬಾಸಿಂಗ ತಟ್ಟುತ್ತಿದ್ದದ್ದು ಎರಡನ್ನೂ. ಗೊಬ್ಬರಕ್ಕೆ ಬೆಳೆ ಯಾವುದು, ಕಳೆ ಯಾವುದು ಎಂದು ಗೊತ್ತಾಗುವುದಿಲ್ಲವಲ್ಲ. ಸುಮಂಗಲಾ ಕೇಳಿದ ಒಂದೊಂದು ಕರೆಯೂ ಕಣಜದಲ್ಲಿ ವಿಳಾಸವಾಗಿ, ಭಯದ ಮೂಲೆಯಲ್ಲಿ ಕೂಗಾಗಿ ಬೇರು ಬಿಟ್ಟಿತ್ತು. ಆ ಮೂಲೆ ಚಿತ್ರದಲ್ಲಿ ಊದಿಕೊಂಡಂತೆ ಕಾಣುತ್ತಿತ್ತು.

ವನಮಾಲಾ ನೇರ ನಾಡಗೌಡರ ಕೋಣೆಗೆ ಹೋದಳು. ಬಾಸಿಂಗ ನಿಲ್ಲಿಸಬೇಕು ಎಂದಳು. ಅವರು ಕೆಟ್ಟ ಮನುಷ್ಯರಲ್ಲ. ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿದರು.

"ಡಾಕ್ಟರ್‌ಬಾಯಿ, ನೀವು ಹೇಳೂದು ಖರೇ ಇರಬೇಕು. ಆದರ ನಿಲ್ಲಿಸಿದರ ನಾಳೆ ಗಾಡಿ ಮತ್ತ ಚಿಕ್ಕಮಲ್ಲಾಪುರಕ್ಕ ಹೊಕ್ಕೈತಿ. ಅಲ್ಲಿ ಸಾಯೂ ಮಂದಿಗೆ ಯಾರು ಉತ್ತರಾ ಕೊಡಬೇಕು?"

"ಇಲ್ಲಿ ಕುಂತ ಹೆಣ್ಣಮಕ್ಕಳಿಗೆ ಯಾರು ಕೊಡೋರ್ರೀ?"

"ಅವರನ್ನ ಕೇಳ್ರಿ. ಯಾರೂ ಬಿಚ್ಚಾಕ ಒಪ್ಪಂಗಿಲ್ಲ."

ಅವರು ಹೇಳಿದ್ದೇ ನಿಜವಾಯಿತು. ಸುಮಂಗಲಾ ಬಾಸಿಂಗವನ್ನು ಎರಡೂ ಕೈಯಿಂದ ಹಣೆಗೆ ಒತ್ತಿ ಹಿಡಿದಳು. "ಬ್ಯಾಡ ಮಾಲಕ್ಕ. ಇಲ್ಲಿ ಕುಂತಾಗ ನಾ ಮನಿಶ್ಯಾ ಇರ್ತೇನಿ. ಎಲ್ಲಾ ನೆಪ್ಪ ಇರ್ತೈತಿ. ಮನಿಗೆ ಬಂದಕೂಡ್ಲೆ ಯಾರದೋ ಮನ್ಯಾಗ ಬೀಗತನಕ್ಕ ಬಂದಂಗ ಆಕ್ಕೈತಿ. ಇದನ್ನೂ ಕಸಗೊಂಡ್ರ ನನಗ ಏನ ಉಳೀತು?"

ಬಲವಂತದಿಂದ ರಜೆ ಹಾಕಿಸಿ ನೋಡಿದರು. ಸುಮಂಗಲಾ ಪಡಸಾಲೆಯಲ್ಲಿ ಕುಳಿತು ಹೊಟ್ಟನ್ನು ಕೈಯಿಂದ ಕೈಗೆ ಸುರಿಯುತ್ತಿದ್ದಳು. ಕಣಜ ತಾನಾಗಿ ತುಂಬಲಿಲ್ಲ. ವನಮಾಲಾ ನಿಯಮವನ್ನು ಗಾಳಿಗೆ ತೂರಿ ಪ್ರಯೋಗಾಲಯದ ಒಂದು ಬಾಸಿಂಗವನ್ನೇ ಮನೆಗೆ ತಂದಳು. ಕಟ್ಟಿಕೊಂಡ ಕೂಡಲೇ ಸುಮಂಗಲಾಳ ಬೆನ್ನು ನೆಟ್ಟಗಾಯಿತು, ಕಣ್ಣು ಹೊಳೆಯಿತು. ಮಂಜರಿ ಓಡಿಬಂದು ಎದುರಿಗೆ ಕುಳಿತಳು. ಆದರೆ ಸುಮಂಗಲಾಳ ಬಾಯಿಂದ ಬಂದದ್ದು ಹಳೆಯ ಕರೆಗಳು, ಒಂದರ ಹಿಂದೊಂದು. ಯಾರ ಮಗನೋ ಬಾವಿಗೆ ಬಿದ್ದದ್ದು, ಯಾರ ಸೊಸೆಯೋ ಮೈಗೆ ಬೆಂಕಿ ಹತ್ತಿಸಿಕೊಂಡದ್ದು. ಬೇರು ಗಟ್ಟಿಯಾಗಿದ್ದ ಆ ಕರೆಗಳೇ ಗೊಬ್ಬರವನ್ನೆಲ್ಲ ಹೀರಿಕೊಂಡವು, ಮಗಳ ಮಾತಿಗೆ ಏನೂ ಉಳಿಯಲಿಲ್ಲ. ಮೌನೇಶ ತಾನೇ ಬಾಸಿಂಗ ಬಿಚ್ಚಿ ತಂಗಿಯ ಕೈಗೆ ಕೊಟ್ಟ. "ಒಯ್ದುಬಿಡ ಇದನ್ನ," ಎಂದ. ತಂಗಿಯ ಮುಖ ನೋಡಲಿಲ್ಲ. ತನ್ನನ್ನು ಓದಿಸಿದ ಕೈ ಅದು. ಎರಡು ಏಟು ಹಾಕಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ ಎಂದುಕೊಂಡಳು ವನಮಾಲಾ.

ಸುಮಂಗಲಾ ಮತ್ತೆ ಕೆಲಸಕ್ಕೆ ಹೋಗತೊಡಗಿದಳು.

ದಾರಿ ಹುಡುಕಿದ್ದು ಮಂಜರಿ. ಒಂದು ಸಂಜೆ ಅವಳ ಮುಂದಿನ ಹಲ್ಲು ಬಿತ್ತು. ಅಪ್ಪ ಊರ ಹೊರಗೆ ಯಾರದೋ ಮನೆಗೆ ಚೌಕಟ್ಟು ಕೂರಿಸಲು ಹೋಗಿದ್ದ. ಹಲ್ಲು ಬೀಳುವುದು ಸಣ್ಣ ಸಂಗತಿಯೇನಲ್ಲ, ಬಿದ್ದವರಿಗೆ. ಶಾಲೆಯಲ್ಲಿ ತುರ್ತು ನಂಬರು ಬಾಯಿಪಾಠ ಮಾಡಿಸಿದ್ದರು. ಹುಡುಗಿ ಫೋನು ತೆಗೆದು ಒತ್ತಿಯೇಬಿಟ್ಟಳು. ಬೇರೆ ಮೇಜಿನವಳು ಎತ್ತಿ, ನಕ್ಕು, "ಸುಮಂಗಲಾ, ನಿನ್ನ ಮಗಳವಾ," ಎಂದು ದಾಟಿಸಿದಳು. ಪರೀಕ್ಷೆಗೆಂದು ಅಲ್ಲೇ ಇದ್ದ ವನಮಾಲಾ ಎಲ್ಲ ಕೇಳಿಸಿಕೊಂಡಳು.

"ಅವ್ವಾ, ನನ್ನ ಹಲ್ಲು ಬಿತ್ತು. ರಗತಾ ಬಂತು."

"ಗಾಬರಿ ಆಗಬ್ಯಾಡ," ಎಂದಳು ಸುಮಂಗಲಾ. ಆ ಕುರ್ಚಿಯಲ್ಲಿ ಅವಳ ಬಾಯಿಗೆ ಬರುವ ಮೊದಲ ಮಾತೇ ಅದು. "ಉಪ್ಪ ನೀರು ಹಾಕಿ ಬಾಯಿ ಮುಕ್ಕಳಿಸು. ಹಲ್ಲು ಒಗೀಬ್ಯಾಡ, ನಾ ಬಂದು ನೋಡ್ತೇನಿ."

ಆ ದಿನ ಪಾಳಿ ಮುಗಿಸಿ ಮನೆಯ ಹಸಿರು ಬಾಗಿಲು ದಾಟಿ ಒಳಗೆ ಬಂದವಳೇ ಸುಮಂಗಲಾ ಕೇಳಿದಳು: "ಹಲ್ಲು ಎಲ್ಲೈತಿ? ತೋರಸು."

ಮೌನೇಶ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಅತ್ತುಬಿಟ್ಟ. ಗಂಡಸು, ಬಡಿಗ, ಬೆರಳಿಗೆ ಉಳಿ ಬಿದ್ದಾಗಲೂ ಅಳದವನು, ಹಾಲುಹಲ್ಲು ಒಂದಕ್ಕೆ ಬಿಕ್ಕಿಬಿಕ್ಕಿ ಅತ್ತ. ಮರುದಿನವೂ, ಅದರ ಮರುದಿನವೂ ಸುಮಂಗಲಾಳಿಗೆ ಆ ಹಲ್ಲು ನೆನಪಿತ್ತು. ಬಾಸಿಂಗದ ಕೆಳಗೆ ಫೋನಿನಲ್ಲಿ ಕೇಳಿದ್ದು ಉಳಿದಿತ್ತು.

ಆಮೇಲೆ ಅದೇ ಮನೆಯ ಪದ್ಧತಿಯಾಯಿತು. ಶಾಲೆಯಿಂದ ಬಂದ ಮಂಜರಿ ಕೈಕಾಲು ತೊಳೆದು ತುರ್ತು ಸೇವೆಗೆ ಫೋನು ಮಾಡಿ ಆ ದಿನದ ಸುದ್ದಿ ಹೇಳುವಳು. ಮಗ್ಗಿ ಒಪ್ಪಿಸಿದ್ದು, ಗೆಳತಿ ಟೂ ಬಿಟ್ಟದ್ದು, ಅಪ್ಪ ಉಪ್ಪಿಟ್ಟು ಸೀಯಿಸಿದ್ದು. ಸಾಯುವವರ ಸಾಲಿನಲ್ಲಿ ನಿಂತು ಮಗಳೊಬ್ಬಳು ತಾಯಿಗೆ ತನ್ನ ದಿನವನ್ನು ಒಪ್ಪಿಸುತ್ತಿದ್ದಳು. ಬೇರೆಯವರ ಕರೆಗೆ ಅಡ್ಡಿಯಾಗಬಾರದೆಂದು ವನಮಾಲಾ ತಾನೇ ಮನೆಯ ನಂಬರನ್ನು ನೇರವಾಗಿ ಸುಮಂಗಲಾಳ ಮೇಜಿಗೆ ಕೂಡಿಸಿದಳು. ನಾಡಗೌಡರು ಕಂಡೂ ಕಾಣದಂತೆ ಇದ್ದರು.

ವನಮಾಲಾಳಿಗೆ ತಿಳಿಯಲಿಲ್ಲವೆಂದಲ್ಲ. ಆ ಕುರ್ಚಿಯಲ್ಲಿ, ಆ ಫೋನಿನಲ್ಲಿ, ಬಾಸಿಂಗದ ಕೆಳಗೆ ಬಂದ ದನಿ ಯಾವ ಹೊಲಕ್ಕೆ ಬೀಳುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಮಗಳ ದನಿ ಈಗ ಭಯದ ಮೂಲೆಯಲ್ಲೂ, ಬಾವಿಗೆ ಬಿದ್ದ ಹುಡುಗನ ಪಕ್ಕದಲ್ಲಿ, ಬೆಂಕಿ ಹತ್ತಿಸಿಕೊಂಡ ಸೊಸೆಯ ಪಕ್ಕದಲ್ಲಿ ಬೇರು ಬಿಡುತ್ತಿತ್ತು. ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಳು. ಆಗೆಲ್ಲ ಅಣ್ಣ ಯಾವುದೋ ಹಾಡು ಗುನುಗುತ್ತ ಕಟ್ಟಿಗೆಗೆ ಉಜ್ಜುಗೊರಡು ಹಾಕುತ್ತಿರುವನು, ವೈನಿ ಮಗಳ ತಲೆಗೆ ಎಣ್ಣೆ ಹಚ್ಚುತ್ತ "ಆ ಗೆಳತಿ ಈಗರ ಮಾತಾಡ್ತಾಳೇನ?" ಎಂದು ಕೇಳುತ್ತಿರುವಳು. ಇನ್ನೊಂದು ದಿನ ಇರಲಿ ಎಂದು ವನಮಾಲಾ ಬಾಯಿ ಮುಚ್ಚುವಳು. ಅಷ್ಟರೊಳಗೆ ಔಷಧ ಕಂಡುಹಿಡಿಯುತ್ತೇನೆ ಎಂದು ಪ್ರಯೋಗಾಲಯಕ್ಕೆ ಓಡುವಳು. ಔಷಧ ಸಿಗಲಿಲ್ಲ.

ಮೊದಮೊದಲು ಸಣ್ಣದಾಗಿತ್ತು. ಮಂಜರಿ ಹಿತ್ತಲಿನಿಂದ ಕೂಗಿದರೆ ಸುಮಂಗಲಾ ಬೆಚ್ಚಿಬೀಳುವಳು. ನಂತರ ಮಗಳು ಹತ್ತಿರ ಬಂದು ಮಾತನಾಡಿದರೂ ಅವಳ ಹಣೆ ಬೆವರುವುದು, ಎಡಗೈ ಕಿವಿಯ ಕಡೆ ಹೋಗುವುದು. ಹುಡುಗಿಗೆ ಏನು ಅರ್ಥವಾಯಿತೋ, ಮನೆಯಲ್ಲಿ ಪಿಸುಮಾತಿನಲ್ಲಿ ಮಾತನಾಡುವುದನ್ನು ಕಲಿತಳು. ಆದರೆ ಸಂಜೆಯ ಫೋನು ಬಿಡಲಿಲ್ಲ. ಬಿಟ್ಟರೆ ಅವ್ವನಿಗೆ ತಾನು ಇರುವುದೇ ಮರೆತುಹೋಗುತ್ತದೆಂದು ಅವಳ ಹೆದರಿಕೆ.

ಬಾಸಿಂಗವನ್ನು ಎಲ್ಲ ಜಿಲ್ಲೆಗಳಿಗೂ ಕೊಡುತ್ತಾರೆ ಎಂಬ ಸುದ್ದಿ ಬಂದ ಮರುದಿನ ರವಿವಾರ. ವನಮಾಲಾ ಬೆಳಿಗ್ಗೆಯೇ ನಾಡಗೌಡರ ಮನೆಗೆ ಹೋಗಿ, ಬಾಸಿಂಗ ನಿಲ್ಲಿಸಿರೆಂದು ಬೇಡಿ, ಕೊನೆಗೆ ಜಗಳಾಡಿ, ಬರಿಗೈಯಲ್ಲಿ ವಾಪಸು ಬಂದಳು. ಇವತ್ತು ಅಣ್ಣನಿಗೆ ಎಲ್ಲ ಹೇಳಿಯೇಬಿಡಬೇಕು, ಮಗುವಿನ ಫೋನು ನಿಲ್ಲಿಸಬೇಕು, ಆಮೇಲೆ ಆದದ್ದಾಗಲಿ ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಹಸಿರು ಬಾಗಿಲು ತೆರೆದೇ ಇತ್ತು. ಮೌನೇಶ ಪಡಸಾಲೆಯಲ್ಲಿ ಯಾರದೋ ಕಿಟಕಿಗೆ ಬಣ್ಣ ಬಳಿಯುತ್ತಿದ್ದ. ಒಳಗೆ ಸುಮಂಗಲಾ ರೊಟ್ಟಿ ಬಡಿಯುವ ಸದ್ದು. ಬಿಸಿಲು ಅಡುಗೆ ಮನೆಯ ನೆಲದ ಮೇಲೆ ಬಿದ್ದಿತ್ತು.

ಮಂಜರಿ ಹಿತ್ತಲಿನಿಂದ ಓಡುತ್ತ ಬಂದಳು. ಹೊಸ ಹಲ್ಲಿನ ತುದಿ ಒಸಡಿನಲ್ಲಿ ಮೂಡಿತ್ತು. ಆ ಸಂತೋಷದಲ್ಲಿ ಹುಡುಗಿ ಪಿಸುಮಾತನ್ನು ಮರೆತಳು.

"ಅವ್ವಾ!"

ರೊಟ್ಟಿಯ ಸದ್ದು ನಿಂತಿತು. ಸುಮಂಗಲಾಳ ಬೆನ್ನು ನೆಟ್ಟಗಾಯಿತು. ಹಣೆಯ ಮೇಲೆ ಬಾಸಿಂಗವಿರಲಿಲ್ಲ, ಆದರೂ ಹಿಟ್ಟಿನ ಕೈ ಕಿವಿಗೆ ಹೋಯಿತು. ಮಗಳು ಮುಂದೆಯೇ ನಿಂತಿದ್ದಳು. ಸುಮಂಗಲಾಳ ಕಣ್ಣು ಅವಳನ್ನು ದಾಟಿ ಎಲ್ಲೋ ನೋಡುತ್ತಿತ್ತು.

"ನಮಸ್ಕಾರ, ತುರ್ತು ಸೇವಾ," ಎಂದಳು. ದನಿ ತಣ್ಣಗಿತ್ತು, ಸ್ಪಷ್ಟವಾಗಿತ್ತು. "ಗಾಬರಿ ಆಗಬ್ಯಾಡ್ರಿ. ಎಲ್ಲಿಂದ ಮಾತಾಡಾಕತ್ತೀರಿ?"

ಮಂಜರಿ ಬಾಗಿಲಲ್ಲಿ ನಿಂತ ಅತ್ತೆಯ ಮುಖ ನೋಡಿದಳು. ಅತ್ತೆಗೆ ಎಲ್ಲ ಗೊತ್ತಿರುತ್ತದೆ ಎಂದು ಅವಳ ನಂಬಿಕೆ.

"ಹೇಳ್ರಿ, ಯಾವೂರು?"

"ಅವ್ವಾ, ನಾನು..."

"ಅಳಬ್ಯಾಡವಾ. ಊರು ಹೇಳು, ಓಣಿ ಹೇಳು. ಗಾಡಿ ಕಳಸ್ತೇನಿ."

ಅವ್ವನನ್ನು ತಲುಪುವ ದಾರಿ ಹುಡುಗಿಗೆ ಗೊತ್ತಿದ್ದದ್ದು ಒಂದೇ.

"ಹಳೇ ಹುಬ್ಬಳ್ಳಿರೀ. ಬಡಿಗ್ಯಾರ ಓಣಿ."

"ಬಾಗಲಾ ಯಾವ ಬಣ್ಣ ಐತಿ?"

"ಹಸರು."

ಪಡಸಾಲೆಯಲ್ಲಿ ಮೌನೇಶನ ಕುಂಚ ನಿಂತದ್ದು ವನಮಾಲಾಳಿಗೆ ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ.

"ಯಾರಿಗೆ ಏನಾಗೇತಿ?"

"ನಮ್ಮವ್ವಗ," ಎಂದಳು ಮಂಜರಿ. "ನಮ್ಮವ್ವಗ ನನ್ನ ಗುರುತು ಸಿಗವಲ್ಲದು."

ಸುಮಂಗಲಾ ತಲೆಯಾಡಿಸಿದಳು. ಇಂಥ ಎಷ್ಟೋ ಕರೆಗಳನ್ನು ಕೇಳಿದವಳು. ಅವಳ ದನಿಗೆ ಈಗ ಮಮತೆ ಬಂತು. ತೀರ ಹೆದರಿದವರಿಗೆಂದು ಮಾತ್ರ ಅವಳು ಎತ್ತಿಟ್ಟುಕೊಂಡಿದ್ದ ಮಮತೆ ಅದು.

"ಗಾಬರಿ ಆಗಬ್ಯಾಡ ನನ್ನವ್ವ. ಗಾಡಿ ಹೊಂಟೈತಿ. ಅದು ಬರೂತನಾ ನಿಮ್ಮವ್ವನ ಕೈ ಹಿಡಕೊಂಡು ಕುಂದರು."

ಮಂಜರಿ ನೆಲದ ಮೇಲೆ ಕುಳಿತಳು. ಹಿಟ್ಟು ಹತ್ತಿದ ಆ ಕೈಯನ್ನು ಕಿವಿಯಿಂದ ಮೆಲ್ಲಗೆ ಇಳಿಸಿ ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು, ತೆರೆದಿದ್ದ ಹಸಿರು ಬಾಗಿಲಿನ ಕಡೆ ನೋಡುತ್ತ ಕಾಯತೊಡಗಿದಳು.